ಜಗಲಿಯ ಮೇಲಿನ ಮಿಡತೆ

ಸೋತವನಿಗಿರುವ ಒಂದೇ ಸಮಾಧಾನ ಮುಂದಿನ ವರ್ಷ. ಎಲ್ಡನ್ ಕ್ರಾಟ್ಸರನಿಂದ ಅದನ್ನೂ ಕಿತ್ತುಕೊಂಡರು. ಯಾರು ಕಿತ್ತುಕೊಂಡರು, ಯಾಕೆ ಕಿತ್ತುಕೊಂಡರು ಎಂಬುದು ಅವನಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ಅರ್ಥವಾದವರು ಆ ಊರಿನಲ್ಲಿ ಬೇರೆ ಯಾರೂ ಇರಲಿಲ್ಲವಾದ್ದರಿಂದ ಅದನ್ನು ಅವನೊಬ್ಬನ ದಡ್ಡತನ ಎನ್ನುವಂತಿಲ್ಲ.

ಕಾನ್ಸಸ್‌ನ ಗೋಧಿ ಬಯಲಿನ ನಡುವೆ ಹಾರ್ಲಿನ್ ಎಂಬ ಊರು, ಊರಿಗೊಂದು ವಿಶ್ವವಿದ್ಯಾಲಯ, ವಿಶ್ವವಿದ್ಯಾಲಯಕ್ಕೆ ಮುಳ್ಳುಹಂದಿಗಳು ಎಂಬ ಫುಟ್‌ಬಾಲ್ ತಂಡ. ಎಲ್ಡನ್ ಅಲ್ಲಿ ಓದಿದವನಲ್ಲ. ಟಯರ್ ಅಂಗಡಿ ಇಟ್ಟವನು. ಒಮ್ಮೆ ಗ್ರಂಥಾಲಯದ ಹಿಂದೆ ಯಾವುದೋ ಪ್ರೊಫೆಸರರ ಕಾರು ಪಂಕ್ಚರಾಗಿ ನಿಂತಾಗ ಹೋಗಿ ಚಕ್ರ ಬದಲಿಸಿ ಬಂದಿದ್ದ. ಅವನ ಉನ್ನತ ಶಿಕ್ಷಣ ಅಷ್ಟೇ. ಆದರೂ ಆಟದ ಮಾತು ಬಂದರೆ "ನಾವು" ಎನ್ನುತ್ತಿದ್ದ. ನಾವು ಗೆದ್ದೆವು, ನಮ್ಮ ಮಂಡಿಗೆ ಪೆಟ್ಟಾಯಿತು, ನಮ್ಮ ಕೋಚ್‌ಗೆ ತಲೆಯಿಲ್ಲ. ಮುಳ್ಳುಹಂದಿಗಳು ಟಚ್‌ಡೌನ್ ಹೊಡೆದು ಅಂಕ ಗಳಿಸಿದಾಗಲೆಲ್ಲ ಕ್ರೀಡಾಂಗಣದ ಉತ್ತರ ತುದಿಯ ಹಳೆಯ ಗಂಟೆಯ ಹಗ್ಗ ಎಳೆಯುವ ಹಕ್ಕು ಅವನದು. ಮೊದಲು ಅವನಪ್ಪನದಾಗಿತ್ತು. ಮೇಯರ್ ಯಾರೆಂದು ತಿಳಿಯದವರಿಗೂ ಆ ಊರಿನಲ್ಲಿ ಗಂಟೆ ಎಲ್ಡನ್ ಯಾರೆಂದು ತಿಳಿದಿತ್ತು.

ಅಲ್ಲಿಂದ ಎರಡು ತಾಸಿನ ದಾರಿಯಾಚೆ ವೆಸ್ಕಾಟ್ ಎಂಬ ಊರು. ಅಲ್ಲೂ ಒಂದು ವಿಶ್ವವಿದ್ಯಾಲಯ; ಅವರ ತಂಡ ಮಿಡತೆಗಳು. ಬೆಳೆ ಮೇಯ್ದು ಊರಿಗೂರೇ ಗುಳೆ ಎಬ್ಬಿಸಿದ ಹುಳುವಿನ ಹೆಸರನ್ನು ರೈತರ ನಾಡಿನಲ್ಲಿ ತಾವಾಗಿ ಇಟ್ಟುಕೊಂಡವರು ಎಂಥ ಜನ ಇರಬಹುದು ಎಂದು ಹಾರ್ಲಿನ್‌ನವರು ಶತಮಾನದಿಂದ ಕೇಳುತ್ತಲೇ ಬಂದಿದ್ದಾರೆ. ಎಲ್ಡನ್ ಮದುವೆಯಾದದ್ದು ಆ ಊರಿನ ಹುಡುಗಿಯನ್ನೇ. ಮಾರ್ಲಿಸ್ ಅವಳ ಹೆಸರು. ಮದುವೆಯ ದಿನ ಚರ್ಚಿನ ಮೆಟ್ಟಿಲ ಮೇಲೆ ಅವಳಣ್ಣ ಲೈಲ್ ಸ್ವೊಬೊಡಾ ಹೊಸ ಭಾವನ ಕೈ ಹಿಡಿದು ಒಂದು ಪಣ ಕಟ್ಟಿದ. ಪ್ರತಿ ನವೆಂಬರಿನಲ್ಲಿ ಎರಡು ತಂಡಗಳೂ ಎದುರಾಗುತ್ತವಲ್ಲ, ಸೋತವರ ಕಡೆಯವನು ಗೆದ್ದವರ ಧ್ವಜವನ್ನು ತನ್ನ ಜಗಲಿಯ ಮೇಲೆ, ಬೀದಿಗೆ ಕಾಣುವಂತೆ, ಮತ್ತೆ ಎದುರಾಗುವ ತನಕ ಹಾರಿಸಬೇಕು.

"ಮಾತು ಕೊಟ್ಟೆ," ಎಂದ ಎಲ್ಡನ್. ಮದುವೆಯ ಮಾತು ಕೊಟ್ಟು ಕಾಲು ಗಂಟೆಯೂ ಆಗಿರಲಿಲ್ಲ; ಮಾತು ಕೊಡುವ ಹುಮ್ಮಸ್ಸಿನಲ್ಲಿದ್ದ.

ಒಂದು ವರ್ಷ ಇಲ್ಲಿ ಮಿಡತೆ, ಒಂದು ವರ್ಷ ಅಲ್ಲಿ ಮುಳ್ಳುಹಂದಿ, ಹೀಗೆ ಸಂಸಾರ ನಡೆಯಿತು. ಹೋದ ನವೆಂಬರಿನಲ್ಲಿ ಕೊನೆಯ ಒದೆತದಲ್ಲಿ ಹಾರ್ಲಿನ್ ಸೋತಿತು. ಲೈಲ್ ಏಣಿ ಸಮೇತ ಬಂದು ಧ್ವಜಕ್ಕೆ ತಾನೇ ಮೊಳೆ ಹೊಡೆದು, ಕೆಳಗೆ ನಿಂತು ಓರೆಯಾಗಿದೆಯೇ ಎಂದು ನೋಡಿ, ಮತ್ತೆ ಹತ್ತಿ ಸರಿಮಾಡಿ ಹೋದ. ಹಸಿರು ಬಟ್ಟೆಯ ಮೇಲೆ ಬಾಯಲ್ಲಿ ಗೋಧಿ ತೆನೆ ಕಚ್ಚಿಕೊಂಡು ನಗುವ ಮಿಡತೆ.

"ಮುಂದಿನ ನವೆಂಬರ್ ಬರಲಿ," ಎಂದ ಎಲ್ಡನ್.

ಬರುವುದಿಲ್ಲವೆಂದು ವಸಂತದಲ್ಲಿ ತಿಳಿಯಿತು. ನವೆಂಬರ್ ಬರುತ್ತದೆ, ಆಟ ಬರುವುದಿಲ್ಲ. ಎರಡು ತಂಡಗಳೂ ಇದ್ದ ಒಕ್ಕೂಟದ ಹೆಸರು ಬಯಲಿನ ಎಂಟು. ಅದರಲ್ಲಿ ಹನ್ನೊಂದು ಕಾಲೇಜುಗಳಿದ್ದವು. ಆ ಲೆಕ್ಕಕ್ಕೆ ಎಲ್ಲರೂ ಹೊಂದಿಕೊಂಡಿದ್ದರು. ಈಗ ಟೀವಿಯವರು ಕೊಡುವ ಹಣ ನೋಡಿ ಹಾರ್ಲಿನ್ ಪೂರ್ವ ಸಾಗರ ಒಕ್ಕೂಟಕ್ಕೆ ಹೊರಟಿತು. ವೆಸ್ಕಾಟ್ ದಕ್ಷಿಣದ ಹನ್ನೆರಡಕ್ಕೆ ಸೇರಿತು. ಅದರಲ್ಲಿ ಹದಿನೇಳು ಕಾಲೇಜು, ಒಂದು ಉತ್ತರದ ಹಿಮದ ಊರಿನದು.

ಟಯರ್ ಅಂಗಡಿಯ ಗೋಡೆಯಲ್ಲಿ ದೇಶದ ದೊಡ್ಡ ನಕಾಶೆಯಿತ್ತು. ಗಿರಾಕಿಗಳು ಅದರ ಮುಂದೆ ಗುಂಪುಗಟ್ಟಿದರು.

"ನಾವು ಇರೋದು ಇಲ್ಲಿ," ಎಂದು ಒಬ್ಬ ಗ್ರೀಸ್ ಮೆತ್ತಿದ ಬೆರಳಿಟ್ಟ. "ಸಮುದ್ರ ಎಲ್ಲಿದೆ?"

"ಟೀವೀಲಿ," ಎಂದ ಇನ್ನೊಬ್ಬ.

"ನಮ್ಮೂರಲ್ಲಿ ನೀರು ಅಂದ್ರೆ ದನ ಕುಡಿಯೋ ಹೊಂಡ ಒಂದೇ. ಅವರು ಬಂದು ನೋಡಿದ್ರೆ?"

"ಅವರು ಯಾಕೆ ಬರ್ತಾರೆ? ನಾವೇ ಹೋಗ್ಬೇಕು. ವಿಮಾನದಲ್ಲಿ."

"ಹಾಗಾದ್ರೆ ಲೈಲ್ ಜೊತೆ ಆಟ ಯಾವಾಗ?" ಎಂದು ಎಲ್ಡನ್ ಕೇಳಿದ. ಎಲ್ಲರೂ ನಕಾಶೆಯನ್ನೇ ನೋಡುತ್ತಿದ್ದರು. ನಕಾಶೆಯಲ್ಲಿ ಹಾರ್ಲಿನ್‌ಗೂ ವೆಸ್ಕಾಟ್‌ಗೂ ನಡುವೆ ಹೆಬ್ಬೆರಳಿನಷ್ಟು ಜಾಗ.

"ಯಾವಾಗಲೂ ಇಲ್ಲ," ಎಂದು ಕೊನೆಗೆ ಯಾರೋ ಹೇಳಿದರು.

ಎಲ್ಡನ್ ಮನೆಗೆ ಬಂದು ಜಗಲಿಯ ಕೆಳಗೆ ನಿಂತು ಮಿಡತೆಯನ್ನು ನೋಡಿದ. ಮತ್ತೆ ಎದುರಾಗುವ ತನಕ ಎಂದು ಮಾತು. ಎದುರಾಗುವುದೇ ಇಲ್ಲ ಎಂದರೆ ಈ ಹುಳು ತನ್ನ ಜಗಲಿಯ ಮೇಲೆ ಎಲ್ಲಿಯವರೆಗೆ? ಅವನು ಮೊದಲು ತನ್ನ ವಯಸ್ಸನ್ನು ಲೆಕ್ಕ ಹಾಕಿದ. ಆಮೇಲೆ ಬಟ್ಟೆಯ ಗುಣಮಟ್ಟವನ್ನು ಮುಟ್ಟಿ ನೋಡಿದ. ಲೈಲ್ ಒಳ್ಳೆಯ ಬಟ್ಟೆಯನ್ನೇ ತಂದಿದ್ದ.

ಊರಿಗೆ ಅವನ ಪಣ ಗೊತ್ತಿತ್ತು. ಆದರೆ ಊರು ಬೇರೆ ರೀತಿ ಯೋಚಿಸಿತು. ಆಟವೇ ರದ್ದಾದ ಮೇಲೆ ಪಣ ರದ್ದಾಗಬೇಕು; ಪಣ ರದ್ದಾದ ಮೇಲೂ ಮಿಡತೆ ಹಾರುತ್ತಿದೆ ಎಂದರೆ ಎಲ್ಡನ್ ಅದನ್ನು ಇಷ್ಟಪಟ್ಟೇ ಹಾರಿಸುತ್ತಿದ್ದಾನೆ. ಕಾಲೇಜುಗಳೆಲ್ಲ ಪಕ್ಷ ಬದಲಿಸುವ ಕಾಲ; ಇವನೂ ಬದಲಿಸಿದ. ಟೀವಿಯವರು ಇವನಿಗೂ ಏನೋ ಕೊಟ್ಟಿರಬೇಕು ಎಂದವರೂ ಇದ್ದರು.

ಪಕ್ಕದ ಮನೆಯ ಪೆನ್ನರಮ್ಮನವರಿಗೆ ಮಾತ್ರ ಇದು ಕಾಯಿಲೆ ಎನಿಸಿತು. ಸಾವಾದ ಮನೆಗೆ ಒಯ್ಯುವ ಮೀನು ಮತ್ತು ಶಾವಿಗೆಯ ಕ್ಯಾಸರೋಲ್ ಒಂದನ್ನು ಬಿಸಿಬಿಸಿಯಾಗಿ ಹಿಡಿದು ಹಿತ್ತಲ ಬಾಗಿಲಿಗೆ ಬಂದರು.

"ಹೇಗಿದ್ದಾನಮ್ಮಾ?" ಎಂದು ಪಿಸುಗುಟ್ಟಿದರು.

"ಯಾರು?" ಎಂದಳು ಮಾರ್ಲಿಸ್.

"ಎಲ್ಡನ್. ಡಾಕ್ಟರು ಏನಂದ್ರು?"

"ಅವನು ಟ್ರಾಕ್ಟರ್ ಟಯರ್ ಎತ್ತುತ್ತಾ ಇದಾನೆ, ಕರೀಲಾ?"

"ಬೇಡ ಬೇಡ, ಆಯಾಸ ಮಾಡಿಸ್ಬೇಡ. ನಮ್ಮ ಯಜಮಾನರಿಗೂ ಕೊನೆ ಕೊನೆಗೆ ಹೀಗೇ ಆಗಿತ್ತು, ಗೊತ್ತಿಲ್ಲದ ತಂಡಗಳಿಗೆಲ್ಲಾ ಚಪ್ಪಾಳೆ ತಟ್ಟೋರು."

ಇಷ್ಟರ ಮೇಲೆ ಹೆದ್ದಾರಿಗೆ ಆ ಜಗಲಿ ಚೆನ್ನಾಗಿ ಕಾಣುತ್ತಿತ್ತು. ಬೇಸಿಗೆಯಲ್ಲಿ ಪ್ರವಾಸ ಹೊರಟ ವೆಸ್ಕಾಟ್‌ನವರು ಶತ್ರುವಿನ ಊರಿನ ನಟ್ಟನಡುವೆ ತಮ್ಮ ಮಿಡತೆ ಹಾರುವುದನ್ನು ಕಂಡು ಹಾರ್ನ್ ಹೊಡೆದರು. ಆಮೇಲೆ ನಿಲ್ಲಿಸತೊಡಗಿದರು. ಎಂಥ ಎದೆಗಾರಿಕೆ ಎಂದು ಎಲ್ಡನ್‌ನನ್ನು ತಬ್ಬಿಕೊಂಡು ಫೋಟೋ ತೆಗೆದುಕೊಂಡರು. ಅವನು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ತಲೆಗೆ ಹಸಿರು ಟೋಪಿ ಹಾಕಿಬಿಟ್ಟಿರುತ್ತಿದ್ದರು. ಮಾರ್ಲಿಸ್ ಅವರಿಗೆಲ್ಲ ಹಣ್ಣು ತುಂಬಿದ ಕೊಲಾಚೆ ಬನ್ನು ಕೊಟ್ಟು ತವರೂರಿನ ಸಮಾಚಾರ ಕೇಳುತ್ತಿದ್ದಳು.

"ನೀನು ಅವರನ್ನ ಒಳಗೆ ಕರೀಬೇಡ," ಎಂದ ಎಲ್ಡನ್.

"ನಾನು ಕರೀತಿಲ್ಲ. ನಿನ್ನ ಧ್ವಜ ಕರೀತಿದೆ," ಎಂದಳು ಅವಳು.

ಆಗಸ್ಟಿನಲ್ಲಿ ಅಭಿಮಾನಿ ಸಂಘದ ಅಧ್ಯಕ್ಷ ಫಂಕ್ ಬಂದರು. ಸೆಖೆಯಲ್ಲೂ ನೇರಳೆ ಕೋಟು ಹಾಕಿದ್ದರು. ಮುಳ್ಳುಹಂದಿಗಳ ಬಣ್ಣ ಅದು. ಜಗಲಿಯ ಮೇಲೆ ಕೂರಲಿಲ್ಲ. ಮಿಡತೆಯ ನೆರಳು ಬೀಳದ ಜಾಗ ಹುಡುಕಿ ಅಂಗಳದಲ್ಲಿ ನಿಂತರು.

"ಎಲ್ಡನ್, ನಿಮ್ಮಪ್ಪ ನನಗೆ ಚೆನ್ನಾಗಿ ಗೊತ್ತಿದ್ದೋರು." ಫಂಕ್ ಹೀಗೆ ಶುರುಮಾಡಿದರೆ ಕೆಟ್ಟ ಸುದ್ದಿ ಎಂದು ಊರಿಗೇ ಗೊತ್ತು. "ಅವರಿದ್ದಿದ್ರೆ ಇದನ್ನ ನೋಡಿ ಏನಂತಿದ್ರು?"

"ಎಡಗಡೆ ಮೊಳೆ ಸಡಿಲ ಆಗಿದೆ ಅಂತಿದ್ರು."

"ತಮಾಷೆ ಬೇಡ. ತೆಗೆದುಹಾಕು ಮಾರಾಯ. ಆಟಾನೇ ಇಲ್ಲ ಅಂದ್ಮೇಲೆ ಪಣ ಎಲ್ಲಿ?"

"ಮತ್ತೆ ಎದುರಾಗೋ ತನಕ ಅಂತ ಮಾತು. ಎದುರಾಗಿಲ್ಲ."

"ಎದುರಾಗೋದೇ ಇಲ್ಲ!"

"ಅದೇ ಮತ್ತೆ. ತೆಗೆಯೋ ಹಾಗೇ ಇಲ್ಲ."

"ಮಾತು, ಮಾತು! ನಮ್ಮ ಎರಡು ವಿಶ್ವವಿದ್ಯಾಲಯ ನೂರು ವರ್ಷದಿಂದ ಆಡ್ಕೊಂಡು ಬಂದಿದ್ವು. ಅದನ್ನೇ ಮುರಿದು ಹಾಕಿದ್ರು. ನಿಂದೇನು ಅದಕ್ಕಿಂತ ದೊಡ್ಡ ಮಾತಾ?"

"ಅವರಿಗೆ ಮುರಿಯೋಕೆ ದುಡ್ಡು ಕೊಟ್ರು ಫಂಕ್. ನನಗೆ ಯಾರೂ ಏನೂ ಕೊಟ್ಟಿಲ್ಲ."

ಫಂಕ್ ಕರವಸ್ತ್ರದಿಂದ ಕತ್ತು ಒರೆಸಿಕೊಂಡರು. "ಮೊದಲನೇ ಆಟ ಬರೋದ್ರೊಳಗೆ ಈ ಹುಳ ಇಳೀಬೇಕು. ಇಲ್ಲಾಂದ್ರೆ ಗಂಟೆ ಹಗ್ಗ ನನ್ನ ಅಳಿಯನ ಕೈಗೆ."

"ಹಲ್ಲಿನ ಡಾಕ್ಟರಿಗಾ?"

"ಯಾಕೆ, ಎಳೆಯೋದು ಅವನಿಗೆ ಅಭ್ಯಾಸ ಇದೆ."

ಫಂಕ್ ಹೋದ ಮೇಲೆ ಎಲ್ಡನ್ ಜಗಲಿಯ ಮೆಟ್ಟಿಲ ಮೇಲೆ ಕುಳಿತ. ಧ್ವಜ ಇಳಿಸಿದರೆ ಮಾತು ಹೋಗುತ್ತದೆ, ಇಳಿಸದಿದ್ದರೆ ಗಂಟೆ ಹೋಗುತ್ತದೆ. ಮಾತು ಹೋದರೆ ಲೈಲ್ ಒಬ್ಬನಿಗೆ ತಿಳಿಯುತ್ತದೆ. ಗಂಟೆ ಹೋದರೆ ಊರಿಗೆಲ್ಲ. ಲೆಕ್ಕ ಸುಲಭವಾಗಿಯೇ ಇತ್ತು. ಆದರೆ ಲೈಲ್ ಎಂದರೆ ಲೈಲ್.

"ನಾನು ಇಳಿಸಲಾ?" ಎಂದಳು ಮಾರ್ಲಿಸ್. "ನಾನು ಯಾರಿಗೂ ಮಾತು ಕೊಟ್ಟಿಲ್ಲ."

"ನಿಮ್ಮಣ್ಣನಿಗೆ ಗೊತ್ತಾಗುತ್ತೆ."

"ಗೊತ್ತಾದ್ರೆ ಏನು ಮಾಡ್ತಾನೆ?"

"ಏನೂ ಮಾಡಲ್ಲ. ಸುಮ್ಮನಿರ್ತಾನೆ. ಅದೇ ಕಷ್ಟ."

ಹೀಗಿರುವಾಗ ಒಂದು ಬೆಳಿಗ್ಗೆ ವಿಶ್ವವಿದ್ಯಾಲಯದ ಹಳೆಯ ವ್ಯಾನೊಂದು ಅಂಗಡಿಗೆ ಬಂತು. ಟಯರುಗಳು ಮೊಟ್ಟೆಯಂತೆ ನುಣ್ಣಗಿದ್ದವು. ಓಡಿಸಿಕೊಂಡು ಬಂದವರು ಪಶುಪಾಲನೆ ಕಲಿಸುವ ಡಾಕ್ಟರ್ ಯೋಸ್ಟ್. ಬೂಟಿನಲ್ಲಿ ಸಗಣಿ, ಕಿವಿಯಲ್ಲಿ ಮುತ್ತಿನ ಓಲೆ.

"ಶನಿವಾರ ಸ್ಪರ್ಧೆ ಇದೆ ಎಲ್ಡನ್. ಅಲ್ಲೀವರೆಗೆ ಹೋಗಿಬಂದ್ರೆ ಸಾಕು, ಯಾವುದಾದ್ರೂ ಹಳೇದು ಹಾಕಿಕೊಡು."

"ಯಾವ ಸ್ಪರ್ಧೆ?"

"ದನದ ತೀರ್ಪು. ನಾಲ್ಕು ಕಡಸು ತಂದು ನಿಲ್ಲಿಸ್ತಾರೆ. ಯಾವುದು ಮೊದಲು, ಯಾವುದು ಕೊನೆ ಅಂತ ನಮ್ಮ ಹುಡುಗ್ರು ಹೇಳ್ಬೇಕು. ಆಮೇಲೆ ಯಾಕೆ ಅಂತ ನಿಂತ್ಕೊಂಡು ವಾದ ಮಾಡ್ಬೇಕು."

"ಗುದ್ದೋದು, ಬೀಳಿಸೋದು ಏನೂ ಇಲ್ವಾ?"

"ಕಡಸಿಗೆ ಸಿಟ್ಟು ಬಂದ್ರೆ ಉಂಟು."

"ಯಾರ್ಯಾರು ಬರ್ತಾರೆ?"

"ಯಾವಾಗಲೂ ಬರೋರೇ. ಸುತ್ತಮುತ್ತಲಿನ ಕಾಲೇಜುಗಳು. ನಾವು, ವೆಸ್ಕಾಟ್‌ನೋರು..."

ಎಲ್ಡನ್‌ನ ಕೈಯಿಂದ ಸ್ಪ್ಯಾನರ್ ಬಿತ್ತು.

"ನೀವು ಒಕ್ಕೂಟ ಬಿಡ್ಲಿಲ್ವಾ?"

"ನಮ್ಮನ್ನ ಯಾರು ಕರೀತಾರೆ? ದನ ನೋಡೋರನ್ನ ಟೀವೀಲಿ ಯಾರು ನೋಡ್ತಾರೆ?"

ಎಲ್ಡನ್ ಹೊಸ ಟಯರುಗಳನ್ನೇ ಹಾಕಿದ. ಹಣ ಬೇಡವೆಂದ. ಅಷ್ಟಕ್ಕೆ ನಿಲ್ಲದೆ, ದಾರಿಯಲ್ಲಿ ಟಯರು ಹೇಗೆ ಓಡುತ್ತದೆ ನೋಡಬೇಕು, ವ್ಯಾನು ತಾನೇ ಓಡಿಸುತ್ತೇನೆ ಎಂದ. ಅದಕ್ಕೊಂದು ನಿಯಮವಿದೆ, ಓಡಿಸುವವರು ತಂಡದ ಸದಸ್ಯರೆಂದು ಹೆಸರು ಕೊಡಬೇಕು ಎಂದರು ಯೋಸ್ಟ್. ಕೊಡಿ ಎಂದ. ಅಪ್ಪನ ಕಾಲದಿಂದ "ನಾವು" ಎನ್ನುತ್ತಿದ್ದವನು ಈಗ ನಿಜವಾಗಿ ಹಾರ್ಲಿನ್ ವಿಶ್ವವಿದ್ಯಾಲಯದ ಒಂದು ತಂಡಕ್ಕೆ ಸೇರಿದ.

ಮಧ್ಯಾಹ್ನ ಲೈಲ್‌ಗೆ ಫೋನು ಮಾಡಿದ.

"ಭಾವ, ದನದ ಬಗ್ಗೆ ನಿನಗೇನು ಗೊತ್ತು?"

"ಜಾಸ್ತಿ ಬೇಯಿಸ್ಬಾರದು. ಯಾಕೆ?"

ಎಲ್ಡನ್ ವಿವರಿಸಿದ. ಎರಡು ಕಾಲೇಜೂ ಎದುರಾಗುವ ಜಾಗ ಇನ್ನೂ ಒಂದು ಉಳಿದಿದೆ. ಫುಟ್‌ಬಾಲ್ ಅಲ್ಲ ನಿಜ, ಆದರೆ ಗೆಲುವು ಸೋಲು ಇದೆ. ಪಣ ಅದರ ಮೇಲೆ ತೀರಿಸಿಕೊಳ್ಳೋಣ, ಒಪ್ಪದಿದ್ದರೆ ಬಲವಂತವಿಲ್ಲ. ಆ ಕಡೆ ಬಾಗಿಲು ಹಾಕಿಕೊಂಡ ಸದ್ದಾಯಿತು.

"ಲೈಲ್?"

"ಒಂದು ಹೇಳ್ತೀನಿ, ನಗಬೇಡ. ಈ ಸಲ ನಮಗೆ ಮೊದಲ ಆಟ ಯಾರ ಮೇಲೆ ಗೊತ್ತಾ? ಅವರ ಗುರುತು ಎಲೆ. ಓಕ್ ಮರದ ಎಲೆ. ಎಲೆಗೆ ಹೇಗಯ್ಯಾ ಬೈಯೋದು? ನಿನ್ನೆಯೆಲ್ಲಾ ಕೂತು ಯೋಚಿಸಿದೆ. 'ಉದುರಿ ಹೋಗ್ರೋ' ಅಂತ ಒಂದು ಹೊಳೀತು. ಅಲ್ಲಿಗೆ ಮುಗೀತು."

"ನಮಗೆ ಮಂಜು."

"ಬೀಳೋ ಮಂಜಾ?"

"ಕವಿಯೋ ಮಂಜು. ಸಮುದ್ರದ್ದು."

ವೈರಿಯನ್ನು ಕಳೆದುಕೊಂಡವರಿಗೆ ಸಮಾಧಾನ ಹೇಳುವ ಪದ್ಧತಿ ಯಾವ ಊರಿನಲ್ಲೂ ಇಲ್ಲ.

"ಸರಿ, ದನಾನೇ ಆಗಲಿ," ಎಂದ ಲೈಲ್. "ನಾವು ಗೆದ್ರೆ ಮಿಡತೆ ಅಲ್ಲೇ ಇರುತ್ತೆ."

"ನೀವು ಸೋತ್ರೆ ಮುಳ್ಳುಹಂದಿ ನಿನ್ನ ಜಗಲಿಗೆ."

"ಯಾರಿಗೂ ಹೇಳ್ಬೇಡ. ನಗ್ತಾರೆ."

"ನನಗೇನು ಹುಚ್ಚಾ?"

ಎಲ್ಡನ್ ಪೆನ್ನರಮ್ಮನವರಿಗೆ ಮಾತ್ರ ಹೇಳಿದ, ತನಗೆ ಕಾಯಿಲೆಯಿಲ್ಲ ಎಂದು ತೋರಿಸಲು. ಲೈಲ್ ತನ್ನ ಕ್ಷೌರಿಕನಿಗೆ ಮಾತ್ರ ಹೇಳಿದ.

ಶನಿವಾರ ಸ್ಪರ್ಧೆ ನಡೆದದ್ದು ಎರಡೂ ಊರುಗಳ ನಡುವಿನ ಒಂದು ದನದ ಹರಾಜು ಕಟ್ಟಡದಲ್ಲಿ. ನಡುವೆ ಮರದ ಪುಡಿ ಹಾಸಿದ ಕಣ, ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಬೆಂಚು. ಪ್ರತಿ ವರ್ಷ ಅಲ್ಲಿ ಪ್ರೇಕ್ಷಕರೆಂದರೆ ಹುಡುಗರ ನಾಲ್ಕಾರು ತಾಯಂದಿರು, ಯಾರದೆಂದು ಗೊತ್ತಿಲ್ಲದ ಒಂದು ನಾಯಿ. ಈ ವರ್ಷ ಎಲ್ಡನ್ ವ್ಯಾನು ತಿರುಗಿಸಿದಾಗ ಹೊಲದಂಚಿನ ತನಕ ಪಿಕಪ್ಪುಗಳು ನಿಂತಿದ್ದವು. ಒಂದು ಕಡೆ ನೇರಳೆ, ಒಂದು ಕಡೆ ಹಸಿರು. ಪಿಕಪ್ಪುಗಳ ಹಿಂಬಾಗಿಲು ಇಳಿಸಿ ಒಲೆ ಹೊತ್ತಿಸಿ ಬೆಳಿಗ್ಗೆಯೇ ಮಾಂಸ ಸುಡುತ್ತಿದ್ದರು. ಒಳಗೆ ಕಟ್ಟಿದ್ದ ಕಡಸುಗಳು ಆ ವಾಸನೆಗೆ ಮೂಗರಳಿಸಿ ಒಂದನ್ನೊಂದು ನೋಡಿಕೊಂಡವು. ಫಂಕ್ ಅಳಿಯನನ್ನು ಕರೆದುಕೊಂಡು ಬಂದಿದ್ದರು. ಮುಖಕ್ಕೆ ಬಣ್ಣ ಬಳಿದುಕೊಂಡ ಗಂಡಸರು, ಮಗು ಎತ್ತಿಕೊಂಡ ಹೆಂಗಸರು, ಡೋಲು. ಬೇಸಿಗೆಯಿಡೀ ಬೈಯಲು ಯಾರೂ ಸಿಗದೆ ಎರಡೂ ಊರು ಬಾಡಿಹೋಗಿದ್ದವು.

ಲೈಲ್ ಹಸಿರು ಶರಟು ಹಾಕಿಕೊಂಡು ಮೊದಲ ಬೆಂಚಿನಲ್ಲಿದ್ದ. "ಬಾರಯ್ಯಾ, ದನದ ಡ್ರೈವರ್!" ಎಂದು ಕೂಗಿದ. ಎಲ್ಡನ್‌ಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ನವೆಂಬರಿನಿಂದ ಅವನನ್ನು ಹಾಗೆ ಯಾರೂ ಹೀಯಾಳಿಸಿರಲಿಲ್ಲ.

ಸ್ಪರ್ಧೆಯ ಮೇಲ್ವಿಚಾರಕಿ ವಿಲ್ಮಾ ರೀಗರ್ ಎಂಬ ಎತ್ತರದ ಮುದುಕಿ; ಅವರು ಕೆಮ್ಮಿದರೆ ಹೋರಿಗಳೂ ನೆಟ್ಟಗೆ ನಿಲ್ಲುತ್ತಿದ್ದವು. ನಾಲ್ಕು ಕಡಸುಗಳನ್ನು ಕಣಕ್ಕೆ ತಂದರು. ವಿದ್ಯಾರ್ಥಿಗಳು ಸುತ್ತ ನಿಂತು ಸದ್ದಿಲ್ಲದೆ ನೋಡತೊಡಗಿದರು. ಜನರಿಗೆ ಯಾವಾಗ ಕೂಗಬೇಕೆಂದು ತಿಳಿಯಲಿಲ್ಲ. ಬಹಳ ಹೊತ್ತು ತಡೆದುಕೊಂಡರು. ಮೂರನೇ ಕಡಸು ಹಾರ್ಲಿನ್ ಕಡೆಗೆ ಬೆನ್ನು ತಿರುಗಿಸಿದಾಗ ಹಾರ್ಲಿನ್‌ನವರು ಒಟ್ಟಾಗಿ ಧಿಕ್ಕಾರ ಕೂಗಿದರು. ವೆಸ್ಕಾಟ್‌ನವರು ಅದೇ ಕಡಸಿಗೆ ಎದ್ದು ನಿಂತು ಚಪ್ಪಾಳೆ ತಟ್ಟಿದರು.

"ದಯವಿಟ್ಟು," ಎಂದಿತು ಧ್ವನಿವರ್ಧಕದಲ್ಲಿ ವಿಲ್ಮಾ ರೀಗರ್ ಅವರ ದನಿ, "ಪ್ರಾಣಿಗಳನ್ನ ಬೈಬೇಡಿ. ಅವು ಯಾರ ಪಕ್ಷಾನೂ ಅಲ್ಲ."

"ಮೂರನೇದು ನಮ್ಮದು!" ಎಂದು ಹಿಂದಿನಿಂದ ಯಾರೋ ಕೂಗಿದರು.

"ಮೂರನೇದು ನನ್ನದು," ಎಂದರು ವಿಲ್ಮಾ ರೀಗರ್. "ನನ್ನ ಕೊಟ್ಟಿಗೇಲಿ ಹುಟ್ಟಿದ್ದು. ಕೂತ್ಕೊಳ್ಳಿ."

ಮಧ್ಯಾಹ್ನದ ಹೊತ್ತಿಗೆ ಎರಡು ಕಾಲೇಜುಗಳೂ ಸಮಸಮವಾಗಿ ನಿಂತವು. ಉಳಿದದ್ದು ವಾದದ ಸುತ್ತು. ಹಾರ್ಲಿನ್ ಕಡೆಯಿಂದ ಟೆಸ್ಸಾ ಎಂಬ ಹುಡುಗಿ ತೀರ್ಪುಗಾರರೆದುರು ಕೈ ಹಿಂದೆ ಕಟ್ಟಿ ನಿಂತು ಉಸಿರು ತೆಗೆದುಕೊಳ್ಳದೆ ಹೇಳಿದಳು: ಒಂದನೆಯದನ್ನು ಮೂರನೆಯದಕ್ಕಿಂತ ಮೇಲೆ ಇಟ್ಟಿದ್ದೇನೆ, ಅದರ ಪಕ್ಕೆ ಆಳ, ಬೆನ್ನು ನೇರ, ನಡಿಗೆ ಸಲೀಸು, ಮೂರನೆಯದರ ಕತ್ತು ಚೆಂದ ಎಂದು ಒಪ್ಪುತ್ತೇನೆ, ಆದರೆ ಸೊಂಟದಲ್ಲಿ ಕಿರಿದು, ಹಿಂಗಾಲು ತೀರ ನೆಟ್ಟಗೆ. ಎಲ್ಡನ್ ಬಾಯಿ ತೆರೆದು ಕೇಳಿದ. ಆ ವರ್ಷ ಒಬ್ಬರಾದರೂ ತಾವು ಮಾಡಿದ್ದಕ್ಕೆ ಇಷ್ಟು ಸ್ಪಷ್ಟವಾಗಿ ಕಾರಣ ಕೊಟ್ಟದ್ದನ್ನು ಅವನು ಕೇಳಿದ್ದು ಅದೇ ಮೊದಲು.

"ಆಳವಾದ ಪಕ್ಕೆ!" ಎಂದು ಹಾರ್ಲಿನ್‌ನವರು ಡೋಲಿನ ತಾಳಕ್ಕೆ ಕೂಗಿದರು. "ಆಳವಾದ ಪಕ್ಕೆ!"

"ಚೆಂದದ ಕತ್ತು!" ಎಂದು ವೆಸ್ಕಾಟ್‌ನವರು ತಿರುಗಿ ಕೂಗಿದರು.

ಹಾರ್ಲಿನ್ ಗೆದ್ದಿತು. ನೇರಳೆ ಜನ ಬೆಂಚಿನಿಂದ ಬೆಂಚಿಗೆ ಹಾರಿದರು. ಫಂಕ್ ಬಂದು ಎಲ್ಡನ್‌ನ ಬೆನ್ನು ತಟ್ಟಿ, "ಹಗ್ಗ ನಿಂದೇ ಕಣಯ್ಯಾ. ನಿಮ್ಮಪ್ಪ ನನಗೆ ಗೊತ್ತಿದ್ದೋರು," ಎಂದರು. ಹಲ್ಲಿನ ಡಾಕ್ಟರು ಸಪ್ಪಗಾದರು. ಎಲ್ಡನ್ ವ್ಯಾನಿನಿಂದ ಮುಳ್ಳುಹಂದಿ ಧ್ವಜ ತಂದು ಲೈಲ್‌ನ ಕೈಗಿಟ್ಟ. ಲೈಲ್ ಬೈದುಕೊಂಡೇ ಮಡಚಿ ಕಂಕುಳಲ್ಲಿ ಇಟ್ಟುಕೊಂಡ.

"ಮುಂದಿನ ವರ್ಷ ನೋಡ್ಕೋತೀನಿ."

"ನೋಡ್ಕೊಳಪ್ಪಾ."

ಆಗ ಡಾಕ್ಟರ್ ಯೋಸ್ಟ್ ಬಂದರು. ಅವರ ಜೊತೆ ಸೂಟು ಹಾಕಿದ ಒಬ್ಬ ಗೃಹಸ್ಥ. ಬೆಂಚಿನ ಕೊನೆಯಲ್ಲಿ ಕುಳಿತು ಜನರನ್ನು ಎಣಿಸುತ್ತಿದ್ದವನು.

"ಎಲ್ಡನ್," ಎಂದರು ಯೋಸ್ಟ್, ಓಲೆ ತಿರುಗಿಸುತ್ತಾ. "ಇವರು ಪೂರ್ವ ಸಾಗರ ಒಕ್ಕೂಟದೋರು. ಇಷ್ಟು ಜನ ನೋಡಿದ್ರಂತೆ. ಮುಂದಿನ ವರ್ಷದಿಂದ ದನದ ತೀರ್ಪನ್ನೂ ಅಲ್ಲಿಗೇ ಸೇರಿಸ್ಕೋತಾರಂತೆ. ಟೀವೀಲಿ ಬರುತ್ತಂತೆ."

"ಸಮುದ್ರದ ದಡದಲ್ಲಿ ದನ ಎಲ್ಲಿದಾವೆ?"

"ತರಿಸ್ತೀವಿ," ಎಂದ ಸೂಟಿನವನು.

"ಮತ್ತೆ ವೆಸ್ಕಾಟ್?"

"ಅವರು ದಕ್ಷಿಣದೋರಲ್ವಾ?" ಎಂದ ಅವನು, ತುಂಬ ಸೌಜನ್ಯದಿಂದ.

ಲೈಲ್‌ನ ಮುಖ ನೋಡಿದ ಎಲ್ಡನ್. ಲೈಲ್ ಧ್ವಜವನ್ನು ಒಂದು ಕಂಕುಳಿನಿಂದ ಇನ್ನೊಂದಕ್ಕೆ ಬದಲಿಸಿದ.

"ಹಾಗಾದ್ರೆ ಇದು ನನ್ನ ಜಗಲೀಲೇ," ಎಂದ. "ಕೊನೇವರೆಗೆ."

"ಹಾರಿಸ್ಬೇಡ ಬಿಡು ಭಾವ. ಯಾರು ಕೇಳ್ತಾರೆ?"

"ನೀನು ಹಾರಿಸ್ಲಿಲ್ವಾ?" ಎಂದ ಲೈಲ್. ಅಷ್ಟು ಹೇಳಿ ಸುಮ್ಮನಾದ. ಆ ಸುಮ್ಮನಿರುವುದಕ್ಕೇ ಎಲ್ಡನ್ ಬೇಸಿಗೆಯಿಡೀ ಹೆದರಿಕೊಂಡು ಬಂದಿದ್ದ.

ಎಲ್ಡನ್ ಟೋಪಿ ತೆಗೆದು ನೇರವಾಗಿ ವಿಲ್ಮಾ ರೀಗರ್ ಅವರ ಮೇಜಿನ ಬಳಿ ಹೋದ.

"ಅಮ್ಮಾ, ನನ್ನದೊಂದು ಆಕ್ಷೇಪ ಇದೆ."

"ನೀವು ಯಾರು?"

"ಹಾರ್ಲಿನ್ ತಂಡದೋನು. ವ್ಯಾನ್ ಓಡಿಸೋನು. ಹೆಸರು ಕೊಟ್ಟಿದಾರೆ, ನೋಡಿ."

"ಹಾರ್ಲಿನ್ ಗೆದ್ದಿದೆಯಲ್ರೀ."

"ಅದೇ ನನ್ನ ಆಕ್ಷೇಪ."

ವಿಲ್ಮಾ ರೀಗರ್ ಕನ್ನಡಕ ಇಳಿಸಿದರು.

"ಏನು ತಪ್ಪಾಗಿದೆ?"

ಎಲ್ಡನ್‌ಗೆ ಕಡಸೆಂದರೆ ತಟ್ಟೆಯಲ್ಲಿ ಬಂದ ಮೇಲಿನ ಪರಿಚಯ. ಆದರೂ ಎದೆಯುಬ್ಬಿಸಿ ಹೇಳಿದ: "ಮೂರನೇ ಕಡಸಿನ ಸೊಂಟ ಕಿರಿದು ಅಂದ್ಲು ನಮ್ಮ ಹುಡುಗಿ. ನನಗೆ ಒಪ್ಪಿಗೆ ಇಲ್ಲ. ಸೊಂಟ ಚೆನ್ನಾಗಿಯೇ ಇದೆ."

ವಿಲ್ಮಾ ರೀಗರ್ ಅವರ ಮುಖದಲ್ಲಿ ಒಂದು ಬೆಳಕು ಹಾದುಹೋಯಿತು. ಕಡಸು ಅವರದು. "ನನಗೂ ಹಾಗೇ ಅನಿಸಿತ್ತು," ಎಂದರು ತಗ್ಗಿದ ದನಿಯಲ್ಲಿ.

"ಏನೂ ಇಲ್ಲ!" ಎಂದು ಗರ್ಜಿಸುತ್ತಾ ಲೈಲ್ ಓಡಿ ಬಂದ. "ಆ ಹುಡುಗಿ ಹೇಳಿದ್ದು ಸರಿ! ಅದಕ್ಕೆ ಸೊಂಟಾನೇ ಇಲ್ಲ! ನಾವು ನ್ಯಾಯವಾಗಿ ಸೋತಿದೀವಿ, ಅದನ್ನ ಕಿತ್ತುಕೊಳ್ಳೋಕೆ ಇವನ್ಯಾರು?"

"ನೀನು ಸೋತಿಲ್ಲ!"

"ಸೋತಿದೀನಿ!"

"ಕುರುಡಾ, ಹಿಂಗಾಲು ನೋಡಿದ್ಯಾ?"

"ನಿನಗಿಂತ ಮುಂಚೆ ನೋಡ್ದೆ!"

ಎರಡೂ ಊರಿನವರು ಸುತ್ತ ನೆರೆದರು. ಯಾವ ಕಡೆ ಕೂಗಬೇಕೆಂದು ಯಾರಿಗೂ ತಿಳಿಯಲಿಲ್ಲ, ಆದರೂ ಕೂಗಿದರು. ಫಂಕ್ ತಲೆಯ ಮೇಲೆ ಕೈಹೊತ್ತು ಕುಳಿತರು. ಮಾರ್ಲಿಸ್ ಬೆಂಚಿನಲ್ಲೇ ಕುಳಿತು ಆಲೂಗಡ್ಡೆ ಸಲಾಡಿನ ಡಬ್ಬಿ ತೆರೆದು ತಿನ್ನತೊಡಗಿದಳು. ಇದು ಬೇಗ ಮುಗಿಯುವುದಿಲ್ಲವೆಂದು ಅವಳಿಗೆ ಮದುವೆಯ ದಿನದಿಂದ ಗೊತ್ತು.

ವಿಲ್ಮಾ ರೀಗರ್ ಕೆಮ್ಮಿದರು. ಎಲ್ಲರೂ ನೆಟ್ಟಗೆ ನಿಂತರು.

"ತಂಡದೋರು ಆಕ್ಷೇಪ ಎತ್ತಿದ್ರೆ ನಮ್ಮಲ್ಲಿ ನಿಯಮ ಒಂದೇ," ಎಂದರು. "ಫಲಿತಾಂಶ ನಿಂತುಹೋಗುತ್ತೆ. ಮುಂದಿನ ವರ್ಷ ಎರಡೂ ತಂಡ ಇಲ್ಲಿಗೇ ಬಂದು, ಇದೇ ಕಣದಲ್ಲಿ ಮತ್ತೆ ವಾದ ಮಾಡ್ಬೇಕು. ಯಾವ ಒಕ್ಕೂಟದಲ್ಲಾದ್ರೂ ಇರಿ. ಬರದೆ ಇದ್ದೋರ ಹೆಸರು ಹೊಡೆದುಹಾಕ್ತೀವಿ." ಸೂಟಿನವನ ಕಡೆ ನೋಡಿದರು. "ಆಕ್ಷೇಪಕ್ಕೆ ತಂಡದ ಇನ್ನೊಬ್ಬರು ಒಪ್ಪಬೇಕು."

ಎಲ್ಡನ್ ಟೆಸ್ಸಾಳ ಕಡೆ ತಿರುಗಿದ. ಈಗಷ್ಟೇ ಗೆದ್ದ ಹುಡುಗಿ. ಅವಳ ಮುಖ ನೋಡುವ ಧೈರ್ಯವಾಗಲಿಲ್ಲ, ಬೂಟು ನೋಡಿದ.

"ಮುಂದಿನ ವರ್ಷ ಮತ್ತೆ ಇದನ್ನೇ ಹೇಳಬಹುದಾ? ಇಷ್ಟೇ ಜನ ಇರ್ತಾರಾ?" ಎಂದು ಕೇಳಿದಳು ಅವಳು.

"ಇದಕ್ಕಿಂತ ಜಾಸ್ತಿ," ಎಂದ ಲೈಲ್.

"ಹಾಗಾದ್ರೆ ಒಪ್ಪಿದೆ. ಆದ್ರೆ ಸೊಂಟ ಕಿರಿದೇ."

ಲೈಲ್ ಮುಳ್ಳುಹಂದಿಯನ್ನು ಎಲ್ಡನ್‌ಗೆ ವಾಪಸು ಕೊಟ್ಟ. ಫಲಿತಾಂಶವಿಲ್ಲ ಎಂದರೆ ಮೊದಲಿದ್ದದ್ದೇ ಉಳಿಯುತ್ತದೆ. ಅಷ್ಟು ಕಾನೂನು ಇಬ್ಬರಿಗೂ ಗೊತ್ತಿತ್ತು. ಫಂಕ್ ಎದ್ದುಬಂದರು. "ಗೆದ್ದ ಆಟಾನ ನೀನೇ ಹಾಳುಮಾಡಿದ್ಯಲ್ಲೋ! ಗಂಟೆ?" ಎಂದರು.

"ಹಲ್ಲಿನ ಡಾಕ್ಟರಿಗೆ ಕೊಡಿ," ಎಂದ ಎಲ್ಡನ್. "ಮೇಲೆ ನೋಡಿ ಎಳೀಬಾರದು, ಕಣ್ಣಿಗೆ ತುಕ್ಕು ಬೀಳುತ್ತೆ ಅಂತ ಹೇಳಿ."

ಮುಂದಿನ ಶನಿವಾರ ಹಾರ್ಲಿನ್‌ನಲ್ಲಿ ಮೊದಲ ಆಟ. ಎಲ್ಡನ್ ಜಗಲಿಯ ಮೇಲೆ ಕುಳಿತಿದ್ದ. ಮಿಡತೆ ಅವನ ತಲೆಯ ಮೇಲೆ ಗಾಳಿಗೆ ಬಡಿದುಕೊಳ್ಳುತ್ತಿತ್ತು. ಪಕ್ಕದ ಕುರ್ಚಿಯಲ್ಲಿ ಲೈಲ್. ಅವನ ತಂಡ ದೂರದ ದಕ್ಷಿಣದಲ್ಲಿ ಎಲೆಗಳ ವಿರುದ್ಧ ಆಡುತ್ತಿತ್ತು. ಅದು ಬರುವ ಚಾನೆಲ್ಲು ಅವನ ಮನೆಯಲ್ಲಿ ಬರುತ್ತಿರಲಿಲ್ಲ. ಮಾರ್ಲಿಸ್ ಇಬ್ಬರಿಗೂ ಒಂದೊಂದು ಬಿಯರ್ ಕೊಟ್ಟು ಒಳಗೆ ಹೋದಳು.

ಕ್ರೀಡಾಂಗಣದ ಕಡೆಯಿಂದ ಗಂಟೆ ಕೇಳಿಸಿತು. ಎಲ್ಡನ್ ಅರ್ಧ ಎದ್ದ. ಗಂಟೆ ನಿಲ್ಲಲಿಲ್ಲ. ಹೊಸಬನ ಉತ್ಸಾಹ, ಡಾಕ್ಟರು ಎಳೆಯುತ್ತಲೇ ಇದ್ದರು.

"ನೀವು ಹೊಡೆದ್ರಾ, ಅವರು ಹೊಡೆದ್ರಾ?" ಎಂದ ಲೈಲ್.

"ಗೊತ್ತಾಗ್ತಿಲ್ಲ."

"ಅವರು ಅಂದ್ರೆ ಯಾರು?"

"ಮಂಜು."

"ಓ."

ಗಂಟೆ ನಿಂತಿತು. ಮತ್ತೆ ಶುರುವಾಯಿತು. ಎಲ್ಡನ್ ಕುಳಿತುಕೊಂಡ. ಅವನ ಬಲಗೈ ತನಗೆ ತಾನೇ ಒಮ್ಮೆ ಮುಚ್ಚಿ ತೆರೆಯಿತು. ಲೈಲ್ ಅದನ್ನು ನೋಡಿದ, ನೋಡದವನ ಹಾಗೆ ಬೀದಿಯ ಕಡೆ ತಿರುಗಿದ, ಬಿಯರ್ ಗುಟುಕರಿಸಿದ.

"ಏನೇ ಹೇಳು ಭಾವ," ಎಂದ, "ಆ ಕಡಸಿಗೆ ಸೊಂಟ ಇಲ್ಲ."

"ಮುಚ್ಚೋ ಬಾಯಿ," ಎಂದ ಎಲ್ಡನ್, ಕುರ್ಚಿಯನ್ನು ಅವನ ಕಡೆಗೆ ಎಳೆದುಕೊಳ್ಳುತ್ತಾ.